ಅಡಿಕೆ ಸೀಮೆಯ ಕೆರೆಗೆ ಸಿಂಪಿ ಬಿಡಬಹುದೇ?

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನ ನಮ್ಮೂರ ಕೆರೆ ಸುಮಾರು ಒಂದು ಎಕರೆ. ಬೇಸಿಗೆ ಬಂತೆಂದರೆ ನೀರು ಹಸಿರುಗಟ್ಟಿ ನಾರುತ್ತದೆ. ಒಂದು ಸಿಂಪಿ (ಕಡಲಂಚಿನ ಚಿಪ್ಪುಜೀವಿ, ಆಯ್ಸ್ಟರ್) ದಿನಕ್ಕೆ 190 ಲೀಟರ್ ನೀರು ಸೋಸುತ್ತದೆ ಎಂದು ವಿಡಿಯೊದಲ್ಲಿ ನೋಡಿದೆ. ಕುಮಟಾದಿಂದ ತಂದು ಬಿಡಬಹುದೇ?

ಉತ್ತರ: ದಯವಿಟ್ಟು ಬೇಡ. ಆ ಲೆಕ್ಕ ಅಮೆರಿಕದ ಚೆಸಪೀಕ್ ಕೊಲ್ಲಿಯ ಸಿಂಪಿಯದು. ಅದೂ ಎಲ್ಲ ಅನುಕೂಲವಿದ್ದಾಗಿನ ಗರಿಷ್ಠ ಪ್ರಮಾಣ. ಸಿಂಪಿಗೆ ಉಪ್ಪುನೀರು ಬೇಕು. ಕುಮಟಾ ಬಳಿ ಅಘನಾಶಿನಿ ಹೊಳೆ ಕಡಲು ಸೇರುವ ಅಳಿವೆಯದನ್ನು ತಂದು ಕೆರೆಗೆ ಹಾಕಿದರೆ ಕೆಲವು ದಿನ ಚಿಪ್ಪು ಬಿಗಿದುಕೊಂಡಿರುತ್ತದೆ, ಬದುಕಿದೆ ಎಂದೇ ಅನ್ನಿಸುತ್ತದೆ. ಆಮೇಲೆ ಸತ್ತು ಕೊಳೆತು, ನೀರಿನಲ್ಲಿ ಉಳಿದಿದ್ದ ಆಮ್ಲಜನಕವನ್ನೂ ತೆಗೆಯುತ್ತದೆ.

ಸಿಹಿನೀರಿನಲ್ಲಿ ಈ ಕೆಲಸ ಮಾಡುವುದು ಕೆರೆಯದೇ ಕಪ್ಪೆಚಿಪ್ಪು. ಕೆಸರಿನಲ್ಲಿ ಅರ್ಧ ಹೂತುಕೊಂಡು, ಒಂದು ತೂತಿನಿಂದ ನೀರೆಳೆದು, ಕಿವಿರಿನಲ್ಲಿ ಪಾಚಿ ಹಿಡಿದು, ಇನ್ನೊಂದರಿಂದ ಬಿಡುತ್ತದೆ. ಬೇಡದ್ದನ್ನು ಲೋಳೆಯಲ್ಲಿ ಸುತ್ತಿ ತಳಕ್ಕೆ ಉದುರಿಸುತ್ತದೆ. ಹಾಗಾಗಿ ಕೊಳೆಯ ಬಹುಪಾಲು ಹೂಳು ಸೇರುತ್ತದೆ, ಹೂಳೆತ್ತುವುದು ತಪ್ಪುವುದಿಲ್ಲ.

ಅದಕ್ಕೂ ಮೊದಲು ಕೆರೆಗೆ ಏನೇನು ಹರಿದುಬರುತ್ತಿದೆ ನೋಡಿ. ಅಡಿಕೆ ಬೇಯಿಸಿದ ಚೊಗರು ಬಿದ್ದರೆ ಮೀನೂ ಉಳಿಯುವುದು ಕಷ್ಟ. ನಮಗೆ ಹೆಚ್ಚು ಭಯವಿರುವುದು ಮೈಲುತುತ್ತದ್ದು (ಕಾಪರ್ ಸಲ್ಫೇಟ್). ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇ 1ರ ಬೋರ್ಡೊ ದ್ರಾವಣದಲ್ಲಿ 100 ಲೀಟರಿಗೆ ಒಂದು ಕೆ.ಜಿ. ಮೈಲುತುತ್ತ ಇರುತ್ತದೆ. ಅದರ ತಾಮ್ರ ನೀರಿನಲ್ಲಿ ಚೂರೇ ಚೂರು ಬೆರೆತರೂ ಮರಿ ಕಪ್ಪೆಚಿಪ್ಪು ಸಾಯುತ್ತದೆ. ಔಷಧಿ ಡ್ರಮ್ಮು, ಪಂಪು ಕೆರೆಯಲ್ಲಿ ತೊಳೆಯುವುದು ನಿಲ್ಲದಿದ್ದರೆ ಮುಂದಿನದೆಲ್ಲ ದಂಡ.

ಅದು ನಿಂತ ಮೇಲೆ, ನೀರು ಇಳಿದಾಗ ಅಂಚಿನ ಕೆಸರಲ್ಲಿ ಕೈಯಾಡಿಸಿ. ಜೀವಂತ ಚಿಪ್ಪು ಸಿಕ್ಕರೆ ಹೊರಗಿನಿಂದ ತರುವುದೇ ಬೇಡ. ಸಿಗದಿದ್ದರೆ ಅದೇ ಹಳ್ಳದ ಸಾಲಿನ ಇನ್ನೊಂದು ಕೆರೆಯಿಂದ ಇಪ್ಪತ್ತು ಮಾತ್ರ ತನ್ನಿ. ಪ್ಲಾಸ್ಟಿಕ್ ಕ್ರೇಟಿನಲ್ಲಿ ನಾಲ್ಕಿಂಚು ಮರಳು ಬೆರೆತ ಕೆಸರು ತುಂಬಿ, ಚಿಪ್ಪು ಊರಿ, ಸೊಂಟದಾಳದ ನೆರಳಿನ ಜಾಗದಲ್ಲಿಡಿ. ವಾರಕ್ಕೊಮ್ಮೆ ಎತ್ತಿ ಮುಟ್ಟಿ ನೋಡಿ: ಬದುಕಿದ್ದು ತಕ್ಷಣ ಬಾಯಿ ಮುಚ್ಚುತ್ತದೆ. ಮುಚ್ಚದ್ದನ್ನು ಅಂದೇ ತೆಗೆಯಿರಿ. ಕೀಲಿನ ಹತ್ತಿರ ಹೊರಸಿಪ್ಪೆ ಎದ್ದು ಬಿಳಿ ಗುಳಿ ಬೀಳುತ್ತಿದ್ದರೆ ನೀರು ಹುಳಿಯಾಗಿದೆ, ಸುಣ್ಣದಂಶ ಸಾಲದು ಎಂದು ಅನುಮಾನಿಸಿ. ಜಂಬಿಟ್ಟಿಗೆ ನೆಲದಲ್ಲಿ ಇದು ಸಾಮಾನ್ಯ. ಮಳೆಗಾಲ ದಾಟಿ ಉಳಿದರೆ ಮಾತ್ರ ಸಂಖ್ಯೆ ಹೆಚ್ಚಿಸಿ.

ಕೆರೆಯಲ್ಲಿ ಊರ ಮೀನು ಇರಲೇಬೇಕು. ಕಪ್ಪೆಚಿಪ್ಪಿನ ಮರಿ ಮೊದಲು ಮೀನಿನ ಕಿವಿರು, ಈಜುರೆಕ್ಕೆಗೆ ಅಂಟಿಕೊಂಡೇ ಬೆಳೆಯುವುದು. ಸೋಸಲು ಬಿಟ್ಟ ಚಿಪ್ಪನ್ನು ಯಾರೂ ಸಾರಿಗೆ ಒಯ್ಯದಂತೆ ಊರಲ್ಲಿ ಹೇಳಿಡಿ. ನೀರಿನ ರೋಗಾಣು, ತಾಮ್ರ ಎಲ್ಲ ಅದರ ಮಾಂಸದಲ್ಲಿ ಕೂಡಿರುತ್ತದೆ.