ಡಿ7200 ಬಿಟ್ಟು ಝಡ್50 2 ಕೊಳ್ಳಬಹುದೇ?

ನಮಸ್ಕಾರ. ನಿಮ್ಮ ಹಳೆಯ ನಿಕಾನ್ ಡಿ7200 ಕ್ಯಾಮೆರಾ ಮಾರಿ ಅದೇ ಕಂಪನಿಯ ಹೊಸ ಝಡ್50 2 ಕೊಂಡರೆ ಹಕ್ಕಿ ಫೋಟೋ ಸುಧಾರಿಸುತ್ತದೆಯೇ ಎಂದು ಕೇಳಿದ್ದೀರಿ. ಹಾರುವ ಹಕ್ಕಿಗಾದರೆ ಖಂಡಿತ ಹೌದು. ಹಳೆಯದರ 51 ಫೋಕಸ್ ಬಿಂದುಗಳು (ಕ್ಯಾಮೆರಾ ಫೋಕಸ್ ಮಾಡಬಲ್ಲ ಜಾಗಗಳು) ಚೌಕಟ್ಟಿನ ಅಂಚು ಮುಟ್ಟುವುದಿಲ್ಲ. ಹೊಸದು ಹಕ್ಕಿಯ ಕಣ್ಣನ್ನೇ ಹುಡುಕಿ ಹಿಂಬಾಲಿಸುತ್ತದೆ. ಕೂತ ಹಕ್ಕಿಗೆ ಡಿ7200 ಇಂದಿಗೂ ಸಾಕು, ಅದರ 24 ಮೆಗಾಪಿಕ್ಸೆಲ್ ಹೊಸದರ 20.9ಕ್ಕಿಂತ ಹೆಚ್ಚೇ.

ನಿಮ್ಮ 200-500 ಎಂಎಂ ಲೆನ್ಸ್, ಹಳೆಯ ಲೆನ್ಸನ್ನು ಹೊಸ ಕ್ಯಾಮೆರಾಕ್ಕೆ ಜೋಡಿಸುವ ಎಫ್‌ಟಿಝಡ್ ಅಡಾಪ್ಟರ್ ಹಾಕಿದರೆ, ಆಟೋಫೋಕಸ್ ಆಗುತ್ತದೆ. ಆದರೆ ಒಳಗೆ ಮೋಟಾರಿಲ್ಲದ ನಿಮ್ಮ ಹಳೆಯ 50 ಎಂಎಂ ಎಎಫ್-ಡಿ ಲೆನ್ಸ್ ಆಗುವುದಿಲ್ಲ. ಅದನ್ನು ತಿರುಗಿಸುವ ಮೋಟಾರು ಡಿ7200ರ ಒಳಗಿದೆ, ಅಡಾಪ್ಟರ್‌ನಲ್ಲಿಲ್ಲ. ಆ 50 ಎಂಎಂ ನಿಮ್ಮ ಮೆಚ್ಚಿನ ಲೆನ್ಸ್ ಅಂದಿರಲ್ಲ, ಹಾಗಾಗಿ ಹಳೆಯ ಕ್ಯಾಮೆರಾವನ್ನು ದಯವಿಟ್ಟು ಮಾರಬೇಡಿ.

ಬ್ಯಾಟರಿ ಮರೆಯಬೇಡಿ. ಕಂಪನಿಯ ಲೆಕ್ಕದಲ್ಲಿ ಡಿ7200ಕ್ಕೆ ಒಂದು ಚಾರ್ಜಿಗೆ 1,110 ಫೋಟೋ. ಹೊಸದು 300 ಮುಟ್ಟುವುದಿಲ್ಲ. ರಂಗನತಿಟ್ಟಿನಲ್ಲಿ ದೋಣಿ ಹತ್ತುವಾಗ ಜೇಬಿನಲ್ಲಿ ಇನ್ನೊಂದಿರಲಿ.