ಚಿಲ್ಲರೆ ನೀನೇ ಇಟ್ಕೊ

(ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಹುಡುಗನನ್ನು ಇಲ್ಲಿ ಕಿರಣ ಎನ್ನೋಣ.)

ಆಪ್ತಸಮಾಲೋಚನೆಗೆಂದು ನನ್ನ ಬಳಿ ಮೊದಲು ಬಂದವರು ತಾಯಿ. ಕೈಚೀಲದಿಂದ ಮಗನ ಪ್ಯಾಂಟನ್ನೇ ತೆಗೆದು ಮೇಜಿನ ಮೇಲಿಟ್ಟರು. ಜೇಬಿನ ತುಂಬ ಚೂಯಿಂಗ್ ಗಮ್ಮಿನ ಕಾಗದ, ತಳದಲ್ಲಿ ಒಂದಿಷ್ಟು ತಂಬಾಕಿನ ಪುಡಿ. "ಒಗೆಯೋಕೆ ಹಾಕುವಾಗ ಸಿಕ್ತು ಮೇಡಂ. ಧರ್ಮಸ್ಥಳಕ್ಕೆ ಕರ್ಕೊಂಡು ಹೋಗಿ ಆಣೆ ಮಾಡಿಸ್ಲಾ, ಇಲ್ಲ ನಿಮ್ಮ ಹತ್ರ ಕರ್ಕೊಂಡು ಬರ್ಲಾ?"

ಆಣೆ ಬೇಡ ಎಂದೆ. ದೇವರ ಮೇಲಿನ ಅಪನಂಬಿಕೆಯಿಂದಲ್ಲ. ಸಿಗರೇಟಿನ ಚಟ ಬಿಡುವಾಗ ಒಂದೆರಡು ಸಲ ಜಾರುವುದು ಸಾಮಾನ್ಯ. ಆಣೆ ಮಾಡಿದ ಹುಡುಗ ಜಾರಿದರೆ ಅದನ್ನು ಮನೆಯಲ್ಲಿ ಹೇಳುವ ಬಾಯೇ ಕಟ್ಟಿಹೋಗುತ್ತದೆ. ಆಮೇಲೆ ಸೇದುವುದರ ಜೊತೆಗೆ ಮುಚ್ಚಿಡುವುದೂ ಅಭ್ಯಾಸವಾಗುತ್ತದೆ.

ಕಿರಣನಿಗೆ 16. ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಕನ್ನಡ ಮಾಧ್ಯಮ, ಈಗ ಪೇಟೆಯ ಕಾಲೇಜಿನಲ್ಲಿ ಪ್ರಥಮ ಪಿಯುಸಿ ವಿಜ್ಞಾನ. ಪಾಠವೆಲ್ಲ ಇಂಗ್ಲಿಷಿನಲ್ಲಿ. ಮೊದಲ ತಿಂಗಳು ಅವನನ್ನು ಯಾರೂ ಮಾತಾಡಿಸಲಿಲ್ಲವಂತೆ. ಮಾತಾಡಿಸಿದ್ದು ಟೀ ಅಂಗಡಿಯಲ್ಲಿ ನಿಂತಿದ್ದ ಸೀನಿಯರ್‌ಗಳು. ನನ್ನ ಮುಂದೆ ಕೂತಾಗ ಕ್ಯಾನ್ಸರ್ ಭಾಷಣಕ್ಕೆ ತಯಾರಾಗಿಯೇ ಬಂದಿದ್ದ. ಪ್ಯಾಕಿನ ಮೇಲಿನ ಭಯಾನಕ ಚಿತ್ರ ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ನಲವತ್ತು ವರ್ಷದ ನಂತರದ ಶ್ವಾಸಕೋಶ ಹದಿನಾರರ ಹುಡುಗನಿಗೆ ಬೇರೆ ಯಾರದ್ದೋ ಶ್ವಾಸಕೋಶ. ಅದಕ್ಕೆ ಬೇರೆಯೇ ಒಂದು ಪ್ರಶ್ನೆ ಕೇಳಿದೆ: ಸಿಗರೇಟು ಇಲ್ಲದೆ ಅವರ ಜೊತೆ ನಿಂತರೆ ಏನಾಗುತ್ತೆ?

ತುಂಬ ಹೊತ್ತು ಸುಮ್ಮನಿದ್ದು ಹೇಳಿದ, "ಕೈ ಎಲ್ಲಿಡಬೇಕು ಅಂತ ಗೊತ್ತಾಗಲ್ಲ ಮೇಡಂ."

ದಿನಕ್ಕೆ ಮೂರು, ಪರೀಕ್ಷೆ ಹತ್ತಿರ ಬಂದರೆ ನಾಲ್ಕು. ಸೇದಿದರೆ ತಲೆ ಹಗುರಾಗಿ ಓದು ಹತ್ತುತ್ತದೆ ಎಂಬುದು ಅವನ ವಾದ. ಸುಳ್ಳಲ್ಲ, ಆದರೆ ಅರ್ಧ ನಿಜ. ಹಿಂದಿನ ಸಿಗರೇಟಿನ ನಿಕೋಟಿನ್ (ತಂಬಾಕಿನಲ್ಲಿ ಚಟ ಹತ್ತಿಸುವ ಅಂಶ) ಇಳಿಯುತ್ತಾ ಬಂದಂತೆ ಹುಟ್ಟಿದ ಚಡಪಡಿಕೆಯನ್ನೇ ಮುಂದಿನದು ತಣಿಸುತ್ತದೆ. ಬೆಂಕಿ ಹಚ್ಚಿದವನೇ ನೀರು ತಂದು ಆರಿಸಿದ ಹಾಗೆ. ಇದನ್ನು ಕೇಳಿ ಮೊದಲ ಬಾರಿಗೆ ತಲೆಯೆತ್ತಿ ನೋಡಿದ.

ಎರಡನೇ ಭೇಟಿಗೆ ತಂದೆಯೂ ಬಂದರು. ಟ್ರ್ಯಾಕ್ಟರ್ ರಿಪೇರಿ ಗ್ಯಾರೇಜು ಇಟ್ಟುಕೊಂಡವರು, ಕಷ್ಟಪಟ್ಟು ಮೇಲೆ ಬಂದವರು, ಮಗನ ಮೇಲೆ ಸಿಟ್ಟಿಗಿಂತ ಅವಮಾನವೇ ಹೆಚ್ಚಾದವರು. "ನಾನು ಸೇದ್ತೀನಿ, ನಿಜ ಮೇಡಂ. ಇವನಿಗೆ ಯಾವತ್ತಾದ್ರೂ ಸೇದು ಅಂದಿದೀನಾ, ಕೇಳಿ."

"ತಗೊಂಡು ಬಾ ಅಂದಿದೀಯಲ್ಲಪ್ಪ," ಅಂದ ಕಿರಣ. "ಎರಡನೇ ಕ್ಲಾಸಿಂದ. ಚಿಲ್ಲರೆ ನೀನೇ ಇಟ್ಕೊ ಅಂತಿದ್ದೆ."

ನಮ್ಮ ರಾಜ್ಯದಲ್ಲಿ 2025ರ ತಿದ್ದುಪಡಿಯಾದ ಮೇಲೆ 21 ತುಂಬದವರಿಗೆ ಸಿಗರೇಟು ಮಾರುವಂತಿಲ್ಲ, ಒಂದೊಂದೇ ಬಿಡಿಯಾಗಿ ಮಾರುವಂತಿಲ್ಲ, ಶಾಲೆ ಕಾಲೇಜಿನ 100 ಮೀಟರ್ ಒಳಗೆ ಮಾರುವಂತಿಲ್ಲ. ಕಿರಣ ಮೊದಲ ಸಿಗರೇಟನ್ನು ಕೊಂಡಿದ್ದು ಮನೆ ಪಕ್ಕದ ಪೆಟ್ಟಿಗೆ ಅಂಗಡಿಯಲ್ಲಿ. ಅಂಗಡಿಯವನು ಏನೂ ಕೇಳಲಿಲ್ಲ, ಅಪ್ಪನಿಗೇ ಇರಬೇಕು ಅಂದುಕೊಂಡ. ಅಷ್ಟು ವರ್ಷ ಅಪ್ಪನೇ ಮಾಡಿಕೊಟ್ಟ ದಾರಿ ಅದು.

ತಂದೆ ಮಾತಾಡಲಿಲ್ಲ. ಮಗ ಹೊರಗೆ ಹೋದ ಮೇಲೆ ಕೇಳಿದೆ, ಈಗ ಸಿಗರೇಟು ಯಾರು ತಂದುಕೊಡ್ತಾರೆ? ನೆಲ ನೋಡುತ್ತಾ ಹೇಳಿದರು, "ಚಿಕ್ಕವನು." ಅವನಿಗೆ ಹನ್ನೊಂದು. ಆ ಹೊತ್ತಿಗೆ ನನಗೆ ಕಿರಣನಿಗಿಂತ ಈ ಚಿಕ್ಕವನ ಚಿಂತೆಯೇ ದೊಡ್ಡದಾಯಿತು. ಬಿಡಿಸುವುದಕ್ಕಿಂತ ಹತ್ತದಂತೆ ನೋಡಿಕೊಳ್ಳುವುದು ಎಷ್ಟೋ ಸುಲಭ.

ತಂದೆಗೆ ಹೇಳಿದ್ದು: ನಿಮಗೆ ಬೇಕಾದ್ದನ್ನು ನೀವೇ ಹೋಗಿ ತನ್ನಿ. ಮನೆಯೊಳಗೆ, ಗಾಡಿಯಲ್ಲಿ, ಮಕ್ಕಳ ಎದುರಿಗೆ ಬೇಡ. "ನಾನು ದೊಡ್ಡವನು, ನನಗೆ ನಡೆಯುತ್ತೆ" ಎನ್ನಬೇಡಿ. ಮಕ್ಕಳಿಗೆ ಅದು ಸಿಗರೇಟಿನ ಜಾಹೀರಾತಿನ ಹಾಗೆ ಕೇಳಿಸುತ್ತದೆ. ಅದರ ಬದಲು, ಬಿಡಲು ನೋಡಿ ಎಷ್ಟು ಸಲ ಸೋತಿದ್ದೀರಿ ಎಂಬುದನ್ನು ಹೇಳಿ. ಐದು ಸಲವಂತೆ. ಮಕ್ಕಳಿಗೆ ಒಂದರ ಸುದ್ದಿಯೂ ಗೊತ್ತಿರಲಿಲ್ಲ. ತಂಬಾಕು ಬಿಡಲು ನೆರವಾಗುವ ಉಚಿತ ರಾಷ್ಟ್ರೀಯ ಸಹಾಯವಾಣಿ 1800-11-2356 ಸಂಖ್ಯೆಯನ್ನು ಅವರಿಗೇ ಬರೆದುಕೊಟ್ಟೆ.

ತಾಯಿಗೆ: ದಿನಾ ಜೇಬು ತಡಕುವುದು, ಬಾಯಿ ಮೂಸಿ ನೋಡುವುದು ನಿಲ್ಲಿಸಿ. ಚಟ ಬಿಡಲು ಜಗಿಯುವ ನಿಕೋಟಿನ್ ಗಮ್ ಅಂಗಡಿಯಲ್ಲಿ ಸಿಗುತ್ತದೆ ಎಂದು ವೈದ್ಯರನ್ನು ಕೇಳದೆ ಈ ವಯಸ್ಸಿನವನಿಗೆ ತಂದುಕೊಡಬೇಡಿ.

ಕಿರಣನ ಜೊತೆ ಕೆಲಸ ಹೆಚ್ಚಿತ್ತು. ಗೆಳೆಯರನ್ನು ಬಿಡು ಎನ್ನಲಿಲ್ಲ, ಪೇಟೆಯಲ್ಲಿ ಅವನಿಗಿದ್ದವರೇ ಅವರು. ನಾನು ಸೀನಿಯರ್ ಆದೆ, ಪೆನ್ನು ಚಾಚಿ "ತಗೋ ಮಗಾ" ಅಂದೆ. ಅವನ ಮೊದಲ "ಬೇಡ ಅಣ್ಣ" ಕ್ಷಮೆ ಕೇಳಿದ ಹಾಗಿತ್ತು, ಇಬ್ಬರೂ ನಕ್ಕೆವು. ಏಳೆಂಟು ಸಲ ಆಡಿದ ಮೇಲೆ ಅವನೇ ಹುಡುಕಿಕೊಂಡ ಮಾತು: "ನಂಗೆ ಟೀ ಸಾಕಣ್ಣ." ಕಾರಣ ಹೇಳುವುದಿಲ್ಲ, ಉಪದೇಶವಿಲ್ಲ. ಟೀ ಲೋಟ ಎರಡೂ ಕೈಯಲ್ಲಿ. ಕೈ ಎಲ್ಲಿಡಬೇಕೆಂಬ ಪ್ರಶ್ನೆಯೂ ಅಲ್ಲಿಗೆ ಮುಗಿಯಿತು. ಮೊದಲ ಎರಡು ಮೂರು ದಿನ ಸಿಡಿಮಿಡಿ ಜೋರಿರುತ್ತದೆ, ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ, ಒಂದೊಂದು ಸಲ ಆಸೆ ಎದ್ದಾಗಲೂ ಅದು ಕೆಲವೇ ನಿಮಿಷ ಎಂದು ಮೊದಲೇ ತಿಳಿಸಿದ್ದೆ. ಇಂಗ್ಲಿಷಿನ ತೊಡಕಿಗೆ ಕಾಲೇಜಿನ ಭೌತಶಾಸ್ತ್ರದ ಉಪನ್ಯಾಸಕರೊಬ್ಬರ ಜೊತೆ ಮಾತಾಡಿ ಸಂಜೆ ಅರ್ಧ ಗಂಟೆ ಪಾಠ ಗೊತ್ತುಮಾಡಿದೆವು. ಚಟ ಬಿಡಿಸುವುದಕ್ಕೂ ಭೌತಶಾಸ್ತ್ರಕ್ಕೂ ಏನು ಸಂಬಂಧ ಎಂದು ತಂದೆ ಕೇಳಿದರು. ಬಹಳ ಸಂಬಂಧವಿತ್ತು.

ಮೂರು ತಿಂಗಳಾದ ಮೇಲೆ ತಾಯಿ ಫೋನ್ ಮಾಡಿದ್ದರು. ಕಿರಣ ನಡುವೆ ಎರಡು ಸಲ ಸೇದಿದ್ದ, ಒಮ್ಮೆ ನೆಂಟರ ಮದುವೆಯಲ್ಲಿ, ಒಮ್ಮೆ ಅಂಕ ಬಂದ ದಿನ. ಎರಡನ್ನೂ ಅವನೇ ಬಂದು ಹೇಳಿದ್ದನಂತೆ. ತಂದೆ ಇನ್ನೂ ಬಿಟ್ಟಿಲ್ಲ, ಆದರೆ ತಾವೇ ಅಂಗಡಿಗೆ ನಡೆಯುತ್ತಾರೆ, ರಸ್ತೆಯಲ್ಲೇ ಮುಗಿಸಿ ಬರುತ್ತಾರೆ. ಚಾಕೊಲೇಟಿನ ಆದಾಯ ನಿಂತಿತೆಂದು ಚಿಕ್ಕವನು ಒಂದು ವಾರ ಮುನಿಸಿಕೊಂಡಿದ್ದ. ಈಗ ಅವನನ್ನು ಹಾಲಿನ ಡೇರಿಗೆ ಕಳಿಸುತ್ತಾರೆ. ಚಿಲ್ಲರೆ ಅವನದೇ.