ಹಣ ಪಡೆಯದಿದ್ದರೆ ಸಾಕೇ? ಅನಿಮೆಗೆ ಅಭಿಮಾನಿಗಳು ಮಾಡುವ ಉಪಶೀರ್ಷಿಕೆಯ ಕುರಿತ ಪ್ರಶ್ನೆಗಳಿಗೆ ಉತ್ತರ

ಜಪಾನಿ ಭಾಷೆಯಿಂದ ಉಪಶೀರ್ಷಿಕೆ ಅನುವಾದಿಸುವುದು ನನ್ನ ವೃತ್ತಿ. ವೃತ್ತಿಗೆ ಬರುವ ಮೊದಲು ಅದೇ ಕೆಲಸವನ್ನು ಯಾರ ಅನುಮತಿಯೂ ಇಲ್ಲದೆ ಅಭಿಮಾನಿಗಳ ಗುಂಪೊಂದರಲ್ಲಿ ಮಾಡುತ್ತಿದ್ದೆ. ಎರಡೂ ಕಡೆ ಇದ್ದವನೆಂಬ ಕಾರಣಕ್ಕೆ ಫ್ಯಾನ್‌ಸಬ್ ಕುರಿತ, ಅಂದರೆ ಅನಿಮೆಗೆ (ಜಪಾನಿನ ಅನಿಮೇಷನ್ ಚಿತ್ರ, ಸರಣಿಗಳಿಗೆ) ಅಭಿಮಾನಿಗಳೇ ಅನುಮತಿಯಿಲ್ಲದೆ ಮಾಡಿ ಹಂಚುವ ಉಪಶೀರ್ಷಿಕೆಯ ಕುರಿತ ಪ್ರಶ್ನೆಗಳು ನನಗೆ ಬರುತ್ತಲೇ ಇರುತ್ತವೆ. ಹಣ ಪಡೆಯದಿದ್ದರೆ ತಪ್ಪಿಲ್ಲ ಎಂಬ ಒಂದೇ ತಪ್ಪು ತಿಳಿವಳಿಕೆ ಬೇರೆ ಬೇರೆ ಮಾತುಗಳಲ್ಲಿ ಮರಳಿ ಮರಳಿ ಬರುತ್ತಿರುವುದರಿಂದ ಮತ್ತು ಅದನ್ನೇ ನಂಬಿ ಹೊಸಬರು ಕೆಲಸಕ್ಕೆ ಕೈ ಹಾಕುತ್ತಿರುವುದರಿಂದ ಈ ಸಲ ಸ್ವಲ್ಪ ಖಂಡಿತವಾಗಿಯೇ ಬರೆಯುತ್ತಿದ್ದೇನೆ. ಫ್ಯಾನ್‌ಸಬ್ ಹೇಗೆ ಮಾಡುತ್ತಾರೆ ಎಂಬುದನ್ನು ವಿವರಿಸುವುದಿಲ್ಲ. ಕೇಳಿದವರೆಲ್ಲರಿಗೂ ಅದು ಗೊತ್ತಿದೆ.

ಪ್ರಶ್ನೆ: ವಿಡಿಯೋದ ಆರಂಭದಲ್ಲಿ ‘ಎಲ್ಲ ಹಕ್ಕುಗಳೂ ಮೂಲ ಒಡೆಯರವು, ಇದು ಮಾರಾಟಕ್ಕಲ್ಲ’ ಎಂದು ಹಾಕಿದರೆ ಕಾನೂನಿನ ರಕ್ಷಣೆ ಸಿಗುತ್ತದೆಯೇ?

ಸಿಗುವುದಿಲ್ಲ, ಹಕ್ಕು ಬೇರೆಯವರದೆಂದು ತಿಳಿದೇ ಕೆಲಸ ಮಾಡಿದ್ದೀರಿ ಎಂಬುದಕ್ಕೆ ಆ ಸಾಲು ಸಾಕ್ಷಿಯಾಗುತ್ತದೆ.

ಪ್ರಶ್ನೆ: ಫ್ಯಾನ್‌ಸಬ್ ವಿಡಿಯೋ ಇಳಿಸಿಕೊಂಡು 24 ಗಂಟೆಯೊಳಗೆ ಅಳಿಸಿಬಿಟ್ಟರೆ ತಪ್ಪಿಲ್ಲವಂತೆ, ನಿಜವೇ?

ಸುಳ್ಳು. ಅನಿಮೆಯ ತವರಾದ ಜಪಾನಿನಲ್ಲಿ, ಅಕ್ರಮವಾಗಿ ಏರಿಸಿದ್ದೆಂದು ಗೊತ್ತಿದ್ದೂ ವಿಡಿಯೋ ಇಳಿಸಿಕೊಳ್ಳುವುದು 2010ರ ಜನವರಿಯಿಂದಲೇ ಕಾನೂನುಬಾಹಿರ, 2012ರ ಅಕ್ಟೋಬರ್‌ನಿಂದ ಅದಕ್ಕೆ ಶಿಕ್ಷೆಯೂ ಉಂಟು.

ಪ್ರಶ್ನೆ: ನಮ್ಮ ಭಾಷೆಯಲ್ಲಿ ಅಧಿಕೃತ ಉಪಶೀರ್ಷಿಕೆ ಇಲ್ಲದ ಸರಣಿಯೊಂದಕ್ಕೆ ನಾವು ನಾಲ್ವರು ಗೆಳೆಯರು ಸೇರಿ ಉಪಶೀರ್ಷಿಕೆ ಮಾಡಿ ಹಂಚುತ್ತಿದ್ದೇವೆ. ಒಂದು ಪೈಸೆಯನ್ನೂ ಪಡೆಯುವುದಿಲ್ಲ. ಅನಿಮೆ ಜಗತ್ತಿನಲ್ಲೆಲ್ಲ ಹರಡಿದ್ದೇ ಫ್ಯಾನ್‌ಸಬ್‌ನಿಂದ ಎಂದು ಎಲ್ಲರೂ ಹೇಳುತ್ತಾರೆ. ಹಾಗಿರುವಾಗ ಇದರಲ್ಲಿ ತಪ್ಪೇನಿದೆ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಇದರಲ್ಲಿ ಕಾನೂನು, ಇತಿಹಾಸ, ನೀತಿ ಮೂರೂ ಕಲಸಿಹೋಗಿರುವುದರಿಂದ ಒಂದೊಂದನ್ನೇ ಬಿಡಿಸಿ ನೋಡಬೇಕು.

ಮೊದಲು ಕಾನೂನು. ಕೃತಿಸ್ವಾಮ್ಯದ ಕುರಿತ ಅಂತರರಾಷ್ಟ್ರೀಯ ಒಪ್ಪಂದವಾದ 1886ರ ಬರ್ನ್ ಒಪ್ಪಂದದ 8ನೆಯ ವಿಧಿಯ ಪ್ರಕಾರ ಕೃತಿಯೊಂದನ್ನು ಅನುವಾದಿಸುವ ಮತ್ತು ಅನುವಾದಕ್ಕೆ ಅನುಮತಿ ಕೊಡುವ ಹಕ್ಕು ಕರ್ತೃವಿನದು ಮಾತ್ರ. ಜಪಾನ್ 1899ರಲ್ಲಿಯೇ ಈ ಒಪ್ಪಂದವನ್ನು ಸೇರಿತು. ಜಪಾನಿನ ಕೃತಿಸ್ವಾಮ್ಯ ಕಾನೂನಿನ 27ನೆಯ ವಿಧಿಯೂ ಇದನ್ನೇ ಹೇಳುತ್ತದೆ. ಅನುವಾದಕ ಹಣ ಪಡೆದನೇ ಇಲ್ಲವೇ ಎಂಬ ಪ್ರಶ್ನೆಯನ್ನು ಈ ಎರಡು ವಿಧಿಗಳೂ ಎತ್ತುವುದೇ ಇಲ್ಲ. ಹಣ ಬಂದರೆ ತಪ್ಪಿನ ತೂಕ ಹೆಚ್ಚುತ್ತದೆ, ಬಾರದಿದ್ದರೆ ತಪ್ಪು ಇಲ್ಲವಾಗುವುದಿಲ್ಲ. ವಿಡಿಯೋ ಹಂಚದೆ ಉಪಶೀರ್ಷಿಕೆಯ ಪಠ್ಯ ಕಡತವನ್ನಷ್ಟೇ ಹಂಚಿದರೆ ಯಾರೂ ಏನೂ ಮಾಡಲಾಗದು ಎಂಬ ನಂಬಿಕೆಯನ್ನೂ ಬಿಡಿ. ನೆದರ್‌ಲೆಂಡ್ಸ್‌ನಲ್ಲಿ ಉಪಶೀರ್ಷಿಕೆ ಮಾಡುವ ಅಭಿಮಾನಿಗಳು ತಾವಾಗಿಯೇ ನ್ಯಾಯಾಲಯಕ್ಕೆ ಹೋಗಿ ಇದನ್ನು ಇತ್ಯರ್ಥಪಡಿಸಿಕೊಳ್ಳಲು ಯತ್ನಿಸಿದರು. 2017ರ ಏಪ್ರಿಲ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್ ನ್ಯಾಯಾಲಯವು, ಸಂಭಾಷಣೆಯೂ ಕೃತಿಯ ಭಾಗವಾದ್ದರಿಂದ ಅನುಮತಿಯಿಲ್ಲದೆ ಅದನ್ನು ಅನುವಾದಿಸಿ ಹಂಚುವುದು ಉಲ್ಲಂಘನೆಯೇ ಎಂದು ತೀರ್ಪಿತ್ತಿತು.

ಕಾನೂನಿಗೆ ವಿರುದ್ಧವಾದುದೆಲ್ಲ ನೀತಿಗೂ ವಿರುದ್ಧ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ನನ್ನ ಭಾಷೆಯ ಕಲಿಕೆ ನಡೆದದ್ದೇ ಯಾವ ಗುಂಪಿನಲ್ಲೋ ಅದನ್ನೇ ಅಲ್ಲಗಳೆದಂತಾಗುತ್ತದೆ. ಫ್ಯಾನ್‌ಸಬ್ ಹುಟ್ಟಿದ 1980ರ ದಶಕದಲ್ಲಿ ಜಪಾನಿನ ಹೊರಗಿನ ವೀಕ್ಷಕನಿಗೆ ಬೇರೆ ದಾರಿಯೇ ಇರಲಿಲ್ಲ. ಇದ್ದ ದಾರಿಯಲ್ಲಿ ಬಂದ ಕೃತಿಯೂ ಅಂಗಹೀನವಾಗಿರುತ್ತಿತ್ತು. 1984ರ ‘ನೌಸಿಕಾ’ ಚಿತ್ರವನ್ನು ಮರುವರ್ಷ ಅಮೆರಿಕದಲ್ಲಿ ಬಿಡುಗಡೆ ಮಾಡಿದವರು ಹೆಸರು ಬದಲಿಸಿ, ಸುಮಾರು 22 ನಿಮಿಷಗಳನ್ನು ಕತ್ತರಿಸಿ, ಪಾತ್ರಗಳ ಹೆಸರುಗಳನ್ನೂ ಬದಲಾಯಿಸಿದ್ದರು. ಅಂಥ ಕಾಲದಲ್ಲಿ ಕೆಲವರು ಲೇಸರ್ ಡಿಸ್ಕ್ ತರಿಸಿಕೊಂಡು, ಅಮಿಗಾ ಕಂಪ್ಯೂಟರಿಗೆ ಜೆನ್‌ಲಾಕ್ ಉಪಕರಣ ಜೋಡಿಸಿ, ಚಿತ್ರದ ಮೇಲೆ ಅಕ್ಷರ ಮೂಡಿಸಿ ವಿಎಚ್‌ಎಸ್ ಟೇಪಿಗೆ ಇಳಿಸುತ್ತಿದ್ದರು. ಬೇಕಾದವರು ಖಾಲಿ ಟೇಪನ್ನೂ ಮರಳಿ ಕಳುಹಿಸುವ ಅಂಚೆ ಖರ್ಚನ್ನೂ ಕಳುಹಿಸಿದರೆ ಪ್ರತಿ ಮಾಡಿಕೊಡುತ್ತಿದ್ದರು.

ಅವರು ಇಟ್ಟುಕೊಂಡಿದ್ದ ನಿಯಮವನ್ನು ಇಂದು ಯಾರೂ ನೆನೆಯುವುದಿಲ್ಲ. ಒಂದು ಸರಣಿಗೆ ಅಧಿಕೃತ ಪರವಾನಗಿ ಆಯಿತೆಂದು ಪ್ರಕಟಣೆ ಬಂದ ದಿನವೇ ಹಂಚಿಕೆ ನಿಲ್ಲಬೇಕು, ಟೇಪು ಪಡೆದವರು ಅಧಿಕೃತ ಪ್ರತಿಯನ್ನು ಕೊಳ್ಳಬೇಕು ಎಂಬುದೇ ಆ ನಿಯಮ. ಎಲ್ಲರೂ ಪಾಲಿಸಿದರೆಂದು ಹೇಳಲಾರೆ, ಆದರೆ ಪಾಲಿಸದವರು ತಲೆ ತಗ್ಗಿಸುತ್ತಿದ್ದರು. ಆ ನಿಯಮ ಉಳಿಯಲು ಟೇಪಿನ ಸ್ವಭಾವವೂ ನೆರವಾಯಿತು. ಪ್ರತಿಯಿಂದ ಪ್ರತಿ ತೆಗೆದಂತೆಲ್ಲ ಚಿತ್ರ ಮಸುಕಾಗುತ್ತಿತ್ತು. ಮೂರನೆಯ ತಲೆಮಾರಿನ ಟೇಪು ನೋಡಿದವನಿಗೆ ಅಂಗಡಿಯಲ್ಲಿ ಸ್ಪಷ್ಟ ಪ್ರತಿ ಸಿಗುತ್ತದೆಂದರೆ ಕೊಳ್ಳುವ ಮನಸ್ಸಾಗುತ್ತಿತ್ತು. ಡಿಜಿಟಲ್ ಕಡತ ಮತ್ತು ಅದನ್ನು ಅಂತರ್ಜಾಲದಲ್ಲಿ ಪರಸ್ಪರ ಹಂಚಿಕೊಳ್ಳುವ ಟೊರೆಂಟ್ ಬಂದ ಮೇಲೆ ಸಾವಿರನೆಯ ಪ್ರತಿಯೂ ಮೊದಲನೆಯದರಷ್ಟೇ ಚೆನ್ನಾಗಿರತೊಡಗಿತು. 2004ರ ಡಿಸೆಂಬರ್‌ನಲ್ಲಿ ಮೀಡಿಯಾ ಫ್ಯಾಕ್ಟರಿ ಎಂಬ ಜಪಾನಿ ಸಂಸ್ಥೆ ತನ್ನ ಕೃತಿಗಳ ಹಂಚಿಕೆ ನಿಲ್ಲಿಸುವಂತೆ ಫ್ಯಾನ್‌ಸಬ್ ಗುಂಪುಗಳಿಗೆ ವಕೀಲರಿಂದ ಪತ್ರ ಬರೆಸಿತು. ಬಳಕೆದಾರರು ಏರಿಸಿದ ಫ್ಯಾನ್‌ಸಬ್‌ಗಳಿಂದಲೇ 2006ರಲ್ಲಿ ಶುರುವಾದ ಕ್ರಂಚಿರೋಲ್ ಎಂಬ ಅನಿಮೆ ತಾಣ 2009ರ ಆರಂಭದಲ್ಲಿ ಅವುಗಳನ್ನು ಕೈಬಿಟ್ಟು ಪರವಾನಗಿ ಪಡೆದ ಕೃತಿಗಳಿಗೆ ಮಾತ್ರ ಸೀಮಿತವಾಯಿತು. ಜಪಾನಿನಲ್ಲಿ ಪ್ರಸಾರವಾದ ಕೆಲವೇ ಗಂಟೆಗಳಲ್ಲಿ ಹೊರಗಿನವರೂ ಅಧಿಕೃತವಾಗಿ ನೋಡುವ ಕಾಲ ಅಲ್ಲಿಂದ ತೊಡಗಿತು. ‘ಫ್ಯಾನ್‌ಸಬ್‌ನಿಂದಲೇ ಅನಿಮೆ ಬೆಳೆಯಿತು’ ಎನ್ನುವವರು ಈ ಕಥೆಯ ಮೊದಲರ್ಧವನ್ನು ಮಾತ್ರ ಹೇಳುತ್ತಿದ್ದಾರೆ. ಬಾಗಿಲು ಮುಚ್ಚಿದ್ದಾಗ ಕಿಟಕಿಯಿಂದ ಬಂದವನ ಸಮರ್ಥನೆಯನ್ನು ಬಾಗಿಲು ತೆರೆದ ಮೇಲೂ ಬಳಸಲಾಗದು.

ನಿಮ್ಮ ಭಾಷೆಗೆ ಬಾಗಿಲು ಇನ್ನೂ ತೆರೆದಿಲ್ಲ ಎಂಬುದು ನಿಮ್ಮ ವಾದದಲ್ಲಿರುವ ಗಟ್ಟಿ ಅಂಶ, ಅದನ್ನು ನಾನು ಒಪ್ಪುತ್ತೇನೆ. ಹಾಗಿದ್ದರೂ ನೀವು ಹೊತ್ತುಕೊಳ್ಳುತ್ತಿರುವ ಹೊಣೆ ಎಷ್ಟೆಂಬುದು ನಿಮಗೆ ತಿಳಿದಂತಿಲ್ಲ, ಏಕೆಂದರೆ ಹಣದ ಮಾತೊಂದನ್ನು ಬಿಟ್ಟು ಬೇರೇನನ್ನೂ ನೀವು ಬರೆದಿಲ್ಲ. ಯಾವ ಭಾಷೆಯಿಂದ ಅನುವಾದಿಸುತ್ತಿದ್ದೀರಿ ಎಂಬುದನ್ನೂ ಹೇಳಿಲ್ಲ.

ನನ್ನಿಂದಾದ ಒಂದು ತಪ್ಪನ್ನು ಹೇಳುತ್ತೇನೆ. ಗುಂಪಿನಲ್ಲಿದ್ದ ದಿನಗಳಲ್ಲಿ, ಪ್ರಸಾರವಾದ ರಾತ್ರಿಯೇ ಇಂಗ್ಲಿಷ್ ಉಪಶೀರ್ಷಿಕೆ ಹೊರಡಿಸಬೇಕೆಂಬ ಪೈಪೋಟಿಯಲ್ಲಿ ಒಂದು ಕಂತನ್ನು ಅನುವಾದಿಸುತ್ತಿದ್ದೆ. ಒಂಟಿಯಾಗಿರುವ ಮುದುಕಿಗೆ ಅವಳ ಹಳೆಯ ವಿದ್ಯಾರ್ಥಿ, ‘ನಾನು ಬಂದು ಜೊತೆಗಿರಲೇ?’ ಎಂದು ಕೇಳುತ್ತಾನೆ; ಅವಳು ‘ಕೆಕ್ಕೋ ದೆಸು’ ಎನ್ನುತ್ತಾಳೆ. ಈ ಮಾತಿಗೆ ‘ಚೆನ್ನಾಗಿದೆ, ಆಗಬಹುದು’ ಎಂಬ ಅರ್ಥವೂ ಇದೆ, ‘ಬೇಡ, ಅಗತ್ಯವಿಲ್ಲ’ ಎಂಬ ಅರ್ಥವೂ ಇದೆ, ಯಾವುದೆಂದು ಧ್ವನಿ ಮತ್ತು ಸಂದರ್ಭ ಹೇಳಬೇಕು. ಅವಳ ಧ್ವನಿ ತಣ್ಣಗಿತ್ತು. ಆತುರದಲ್ಲಿದ್ದ ನಾನು ಅವಳು ಒಪ್ಪಿದಳೆಂದು ಬರೆದೆ. ಮುಂದಿನ ಕಂತಿನಲ್ಲಿ ಅವಳು ಒಬ್ಬಳೇ ಇದ್ದಳು. ನಮ್ಮ ಉಪಶೀರ್ಷಿಕೆ ಓದಿದವರೆಲ್ಲ ಆ ಹುಡುಗ ಮಾತಿಗೆ ತಪ್ಪಿದನೆಂದು ತಿಳಿದರು. ಸಂಗತಿ ಗೊತ್ತಾಗಿ ತಿದ್ದುವಷ್ಟರಲ್ಲಿ ನಮ್ಮ ಇಂಗ್ಲಿಷನ್ನೇ ಆಧರಿಸಿ ಇನ್ನೆರಡು ಭಾಷೆಗಳ ಗುಂಪುಗಳು ತಮ್ಮ ಉಪಶೀರ್ಷಿಕೆ ಹೊರಡಿಸಿದ್ದವು. ನಾನು ತಿದ್ದಿದ್ದು ಅವುಗಳನ್ನು ಮುಟ್ಟಲಿಲ್ಲ. ಬರೆದವರು ಅಷ್ಟು ಎಚ್ಚರದಿಂದ ಕಟ್ಟಿದ ಪಾತ್ರವೊಂದು ನಾನು ಕಂಡರಿಯದ ಸಾವಿರಾರು ಜನರ ಮನಸ್ಸಿನಲ್ಲಿ ಹೀಗೆ ಕೆಟ್ಟಿತು. ಜಪಾನಿನ ಕಾನೂನಿನ 20ನೆಯ ವಿಧಿ, ಕೃತಿಯನ್ನು ತನ್ನ ಇಚ್ಛೆಗೆ ವಿರುದ್ಧವಾಗಿ ಬದಲಿಸದಂತೆ ತಡೆಯುವ ಹಕ್ಕನ್ನು ಕರ್ತೃವಿಗೆ ಕೊಡುತ್ತದೆ; ಆ ವಿಧಿ ಏಕೆ ಬೇಕೆಂಬುದು ನನಗೆ ಅರ್ಥವಾದದ್ದು ಅಂದು.

ಇಂಗ್ಲಿಷಿನಿಂದ ಕನ್ನಡಕ್ಕೆ ತರುವವರು ಇನ್ನೊಂದನ್ನೂ ಗಮನಿಸಬೇಕು. ಜಪಾನಿ ವಾಕ್ಯದಲ್ಲಿ ಕರ್ತೃಪದ ಬಾರದೆಯೂ ಇರಬಹುದು, ಕ್ರಿಯಾಪದವು ಲಿಂಗವನ್ನು ಹೇಳುವುದಿಲ್ಲ. ಹೋದದ್ದು ಗಂಡೋ ಹೆಣ್ಣೋ ಎಂಬುದನ್ನು ಹಲವು ಕಂತುಗಳವರೆಗೆ ಗುಟ್ಟಾಗಿಡುವುದು ಅಲ್ಲಿ ಸುಲಭ. ಕನ್ನಡದಲ್ಲಿ ‘ಹೋದನು’, ‘ಹೋದಳು’ ಎಂದ ಕೂಡಲೇ ಗುಟ್ಟು ಒಡೆಯುತ್ತದೆ. ‘ಹೋದರು’ ಎಂಬ ಗೌರವರೂಪವನ್ನು ಜಾಣ್ಮೆಯಿಂದ ಬಳಸಿದರೆ ಉಳಿಯುತ್ತದೆ. ಹಾಗೆಯೇ, ಇಬ್ಬರ ನಡುವೆ ಹೆಸರಿನ ಕೊನೆಗೆ ಗೌರವಕ್ಕಾಗಿ ಸೇರಿಸುವ ‘ಸಾನ್’ ಬಿಟ್ಟುಹೋಗಿ ಬರಿಯ ಹೆಸರು ಉಳಿಯುವ ಗಳಿಗೆ ಇಂಗ್ಲಿಷ್ ಉಪಶೀರ್ಷಿಕೆಯಲ್ಲಿ ಬಹುಮಟ್ಟಿಗೆ ಕಾಣದೆ ಹೋಗುತ್ತದೆ, ಕನ್ನಡದಲ್ಲಾದರೋ ‘ನೀವು’ ಎಂಬುದು ‘ನೀನು’ ಆಗುವ ಆ ಗಳಿಗೆಯನ್ನು ಹಾಗೆಯೇ ಹಿಡಿಯಬಹುದು. ಮೂಲ ತಿಳಿಯದವನು ಈ ಎರಡು ಕಡೆಯೂ ಊಹಿಸಿಯೇ ಬರೆಯಬೇಕು. ಮೂಲ ಬಾರದಿದ್ದರೆ ‘ಇದು ಇಂಗ್ಲಿಷಿನಿಂದ ಮಾಡಿದ ಅನುವಾದ’ ಎಂದು ಮೊದಲ ಸಾಲಿನಲ್ಲಿಯೇ ಒಪ್ಪಿಕೊಳ್ಳುವುದು ವೀಕ್ಷಕನಿಗೆ ತೋರಬೇಕಾದ ಕನಿಷ್ಠ ಪ್ರಾಮಾಣಿಕತೆ. ಅನಿಮೆ ನೋಡಿಯೇ ಎರಡು ತಿಂಗಳಲ್ಲಿ ಜಪಾನಿ ಕಲಿತು ಅನುವಾದಕರಾಗಿ ಎಂದು ಶುಲ್ಕ ಕೀಳುವವರ ಮಾತನ್ನು ದಯವಿಟ್ಟು ನಂಬಬೇಡಿ. ಅವರ ಬಳಿ ಕಲಿತವರ ಸಾಲುಗಳನ್ನು ತಿದ್ದಿ ನನಗೆ ಸಾಕಾಗಿದೆ.

ಹಾಗಾದರೆ ನೀವು ಮಾಡಬೇಕಾದದ್ದೇನು? ಮೊದಲು ಕೇಳಿ. ಕಂತಿನ ಆರಂಭದ ಅಥವಾ ಕೊನೆಯ ಹೆಸರುಪಟ್ಟಿಯಲ್ಲಿ ನಿರ್ಮಾಣ ಸಮಿತಿಯ, ಅಂದರೆ ಸರಣಿಗೆ ಹಣ ಹೂಡಿದ ಸಂಸ್ಥೆಗಳ ಕೂಟದ ಹೆಸರಿರುತ್ತದೆ. ಅದರ ಸದಸ್ಯ ಸಂಸ್ಥೆಗೆ, ಜೊತೆಗೆ ಆ ಸರಣಿಯ ಪರವಾನಗಿ ಪಡೆದಿರುವ ವೇದಿಕೆಗೆ, ನಿಮ್ಮ ಭಾಷೆಯಲ್ಲಿ ಉಪಶೀರ್ಷಿಕೆ ಬೇಕೆಂದು, ನಿಮ್ಮ ಅನುವಾದದ ಮಾದರಿಯನ್ನೂ ಇಟ್ಟು ಬರೆಯಿರಿ. ಉತ್ತರ ಬಾರದಿರಬಹುದು, ಮತ್ತು ಮೌನವನ್ನು ಒಪ್ಪಿಗೆಯೆಂದು ಎಣಿಸಕೂಡದು. ಅನುಮತಿಯಿಲ್ಲದೆ ಸಾರ್ವಜನಿಕವಾಗಿ ಹಂಚುವುದನ್ನು ನಾನಂತೂ ಇಂದು ಮಾಡುವುದಿಲ್ಲ, ನೀವೂ ಮಾಡಬೇಡಿ ಎಂಬುದೇ ನನ್ನ ಸಲಹೆ. ಅದನ್ನು ಮೀರಿಯೂ ಮಾಡುವವರು ಹಾನಿಯನ್ನಾದರೂ ಕಡಿಮೆ ಮಾಡಲಿ: ವಿಡಿಯೋವನ್ನು ಎಂದಿಗೂ ಹಂಚಬಾರದು, ಹಣ ಕೊಟ್ಟು ಪಡೆದ ಪ್ರತಿಯ ಜೊತೆ ನೋಡುವಂತೆ ಪಠ್ಯವನ್ನಷ್ಟೇ ಇಡಬೇಕು, ನಿಮ್ಮ ಭಾಷೆಯಲ್ಲಿ ಅಧಿಕೃತ ಉಪಶೀರ್ಷಿಕೆ ಪ್ರಕಟವಾದ ದಿನವೇ ಅದನ್ನು ತೆಗೆಯಬೇಕು. ಸರ್ವರ್ ಖರ್ಚಿಗೆಂದು ದೇಣಿಗೆ ಎತ್ತುವುದನ್ನು ನಾನು ಒಪ್ಪುವುದಿಲ್ಲ. ಸಣ್ಣ ಪಠ್ಯ ಕಡತಕ್ಕೆ ಅಂಥ ಖರ್ಚಿಲ್ಲ, ಖರ್ಚು ಬರುತ್ತಿದೆಯೆಂದರೆ ನೀವು ವಿಡಿಯೋ ಇಟ್ಟಿದ್ದೀರಿ ಎಂದೇ ಅರ್ಥ. ಚೀನಾದಲ್ಲಿ ವಿದೇಶಿ ಧಾರಾವಾಹಿಗಳಿಗೆ ಉಪಶೀರ್ಷಿಕೆ ಮಾಡಿ ಹೆಸರಾಗಿದ್ದ ಗುಂಪೊಂದು ಜಾಹೀರಾತು, ಸದಸ್ಯತ್ವ ಶುಲ್ಕಗಳತ್ತ ತಿರುಗಿ, ಅದರ ಸ್ಥಾಪಕ 2021ರಲ್ಲಿ ಮೂರೂವರೆ ವರ್ಷದ ಸೆರೆವಾಸಕ್ಕೆ ಗುರಿಯಾದದ್ದನ್ನು ನೆನಪಿಡಿ. ಅಭಿಮಾನಿಗಳ ಕೆಲಸವನ್ನು ಎತ್ತಿಕೊಂಡು ಜಾಹೀರಾತುಗಳ ನಡುವೆ ತೋರಿಸಿ ಗಳಿಸುವ ತಾಣಗಳನ್ನು ಅಭಿಮಾನಿಗಳ ತಾಣವೆಂದು ಕರೆಯುವುದನ್ನೂ ನಿಲ್ಲಿಸಿ. ಅಲ್ಲಿ ನಡೆಯುವುದು ವ್ಯಾಪಾರ, ಅದರಲ್ಲಿ ಚಿತ್ರ ಬರೆದವರಿಗೂ ಪಾಲಿಲ್ಲ, ಅನುವಾದಿಸಿದ ನಿಮಗೂ ಪಾಲಿಲ್ಲ.

ಪ್ರಶ್ನೆ: ಅಧಿಕೃತ ಉಪಶೀರ್ಷಿಕೆಯಲ್ಲಿ ಎಷ್ಟೋ ಮಾತುಗಳನ್ನು ಬಿಟ್ಟಿರುತ್ತಾರೆ. ಅದನ್ನೇ ತೆಗೆದು, ತಿದ್ದಿ, ನಮ್ಮ ಗುಂಪಿನ ಹೆಸರಿನಲ್ಲಿ ಹೊರಡಿಸಬಹುದೇ?

ಕೂಡದು. ಅದು ಇನ್ನೊಬ್ಬ ಅನುವಾದಕರ ದುಡಿಮೆ, ಅದರ ಮೇಲೆ ನಿಮ್ಮ ಹೆಸರು ಹಾಕುವುದು ಕಳವು. ನೀವು ‘ಬಿಟ್ಟಿದ್ದಾರೆ’ ಎನ್ನುವ ಮಾತುಗಳಲ್ಲಿ ಬಹುಪಾಲು, ಓದುವ ವೇಗಕ್ಕಾಗಿ ತಿಳಿದೇ ಬಿಟ್ಟವು. ದೊಡ್ಡ ವೇದಿಕೆಗಳ ಇಂಗ್ಲಿಷ್ ಉಪಶೀರ್ಷಿಕೆಗೆ ಎರಡೇ ಸಾಲು, ಸಾಲಿಗೆ 42 ಅಕ್ಷರ, ಪರದೆಯ ಮೇಲೆ ಹೆಚ್ಚೆಂದರೆ 7 ಸೆಕೆಂಡು ಎಂಬಂಥ ಮಿತಿಗಳಿರುತ್ತವೆ. ನಿಜವಾದ ತಪ್ಪು ಕಂಡರೆ ಕಂತಿನ ಸಂಖ್ಯೆ, ನಿಮಿಷ, ಸೆಕೆಂಡು ಸಹಿತ ವೇದಿಕೆಗೆ ಬರೆಯಿರಿ. ಅಂಥ ಪತ್ರದಿಂದ ನನ್ನ ಸಾಲುಗಳು ಎರಡು ಸಲ ತಿದ್ದುಪಡಿಯಾಗಿವೆ, ಬರೆದವರಿಗೆ ನಾನು ಕೃತಜ್ಞ.

ಪ್ರಶ್ನೆ: ಅನುವಾದಕರ ಟಿಪ್ಪಣಿಯನ್ನು ಪರದೆಯ ಮೇಲೆ ಹಾಕಬಹುದೇ?

ಬೇರೆ ದಾರಿಯೇ ಇಲ್ಲದಾಗ ಹಾಕಿ. ‘ಕೆಇಕಾಕು’ ಎಂಬ ಪದವನ್ನು ಹಾಗೆಯೇ ಉಳಿಸಿ ‘ಕೆಇಕಾಕು ಎಂದರೆ ಯೋಜನೆ’ ಎಂದು ಟಿಪ್ಪಣಿ ಬರೆಯುವುದು ಅನುವಾದವಲ್ಲ.

ಪ್ರಶ್ನೆ: ಈಗ ಯಂತ್ರವೇ ಕ್ಷಣದಲ್ಲಿ ಉಪಶೀರ್ಷಿಕೆ ಮಾಡಿಕೊಡುತ್ತದೆ. ಅದನ್ನು ಹಂಚಿದರೆ ‘ಅನುವಾದಿಸಿದವರು’ ಯಾರೂ ಇಲ್ಲವಲ್ಲ, ಹೊಣೆ ಯಾರದು?

ಹಂಚಿದವರದು. ಯಂತ್ರ ಮಾಡಿದರೂ ಮೂಲ ಸಂಭಾಷಣೆ ಕರ್ತೃವಿನದೇ, ಆದ್ದರಿಂದ ಮೇಲೆ ಹೇಳಿದ ಕಾನೂನಿನ ಒಂದಂಶವೂ ಸಡಿಲವಾಗುವುದಿಲ್ಲ. ವೃತ್ತಿಪರರೂ ಇಲ್ಲಿ ಎಡವಿದ್ದಾರೆ. 2025ರಲ್ಲಿ ಅಧಿಕೃತ ವೇದಿಕೆಯೊಂದರ ಜರ್ಮನ್ ಉಪಶೀರ್ಷಿಕೆಯಲ್ಲಿ, ‘ಚಾಟ್‌ಜಿಪಿಟಿ ಹೇಳಿತು’ ಎಂಬ ಸಾಲು ಪಾತ್ರದ ಮಾತಿನ ಜೊತೆಯಲ್ಲಿಯೇ ಪರದೆಗೆ ಬಂದಿತ್ತು. ಹಣ ಕೊಟ್ಟು ನೋಡಿದವರು ಸಿಟ್ಟಿಗೆದ್ದದ್ದು ನ್ಯಾಯವೇ ಆಗಿತ್ತು. ಮೊದಲ ಕರಡು ಪ್ರತಿಗಾಗಿ ಯಂತ್ರವನ್ನು ಬಳಸುವವರೊಡನೆ ನನಗೆ ಜಗಳವಿಲ್ಲ. ಆದರೆ ಜಪಾನಿ ತಿಳಿದ ಮನುಷ್ಯನೊಬ್ಬ ಪ್ರತಿಯೊಂದು ಸಾಲನ್ನೂ ಧ್ವನಿಯ ಜೊತೆಗಿಟ್ಟು ಕೇಳಿ, ಅದರ ಕೆಳಗೆ ತನ್ನ ಹೆಸರು ಹಾಕಲು ಒಪ್ಪುವವರೆಗೆ ಅದನ್ನು ಗೆಳೆಯರಿಗೂ ಕಳುಹಿಸಬೇಡಿ.